ತೊಗರಿ ತುದಿಯ ಹಸಿರು ಜೇಡ: ಎಣ್ಣಿ ಹೊಡೆಯುವ ಮುಂಚೆ ಇದರ ಕುಟುಂಬ ತಿಳಿಯಿರಿ

ತೊಗರಿ ಹೂವಿಗೆ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಜೊತೆಗೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇರುತ್ತದೆ. "ಸರ್, ತೊಗರಿ ತುದಿಗಿ ಹಸರು ಹುಳ ಕುಂತದ ನೋಡ್ರಿ. ಕಾಲಿಗೆಲ್ಲಾ ಮುಳ್ಳ ಅದಾವ. ಇದಕ್ಕ ಯಾವ ಎಣ್ಣಿ ಹೊಡಿಬೇಕ್ರಿ?"

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಇದಕ್ಕೆ ಯಾವ ಎಣ್ಣಿಯೂ ಬೇಡ. ಅದು ಬೆಳೆ ತಿನ್ನುವ ಹುಳವಲ್ಲ, ಜೇಡ. ನೀವು ಕೂಲಿ ಕೊಡದೆ ಹೊಲದಾಗ ರಾತ್ರಿ ಹಗಲು ಕೆಲಸ ಮಾಡುವ ಆಳು. ಗುರುತು ಸಿಗದೆ ಅದರ ಮೇಲೇ ಔಷಧ ಹೊಡೆದರೆ ದುಡ್ಡೂ ಹೋಯಿತು, ಆಳೂ ಹೋಯಿತು, ಕಾಯಿಕೊರಕ ಮಾತ್ರ ಉಳಿಯಿತು. ಹಾಗಾಗಿ ಈ ವಾರ ಈ ಜೇಡದ ಮನೆತನ ಯಾವುದು, ಅದರ ಬಳಗ ಎಲ್ಲೆಲ್ಲಿ ಹಬ್ಬಿದೆ, ನಮ್ಮ ಮೂರು ತಾಲ್ಲೂಕಿನ ಹೊಲಗಳಲ್ಲಿ ಅದನ್ನು ಎಲ್ಲಿ ಹುಡುಕಬೇಕು ಎಂಬುದನ್ನು ನೋಡೋಣ.

ಬಲೆ ಕಟ್ಟದ ಜೇಡ

ಜೇಡ ಅಂದ ಕೂಡಲೇ ನಮಗೆ ಮನೆ ಮೂಲೆಯ ಬಲೆ ನೆನಪಾಗುತ್ತದೆ. ಆದರೆ ಎಲ್ಲ ಜೇಡಗಳೂ ಬೇಟೆಗಾಗಿ ಬಲೆ ನೇಯುವುದಿಲ್ಲ. ತೊಗರಿ ತುದಿಯಲ್ಲಿ ಕೂತಿರುವ ಈ ಜೇಡ ಹೊಂಚು ಹಾಕಿ, ಬೆಕ್ಕು ಇಲಿಯ ಮೇಲೆ ಬೀಳುವ ಹಾಗೆ ನೆಗೆದು ಹಿಡಿಯುತ್ತದೆ. ಅದಕ್ಕೇ ಇದರ ಬಳಗಕ್ಕೆ ಲಿಂಕ್ಸ್ ಜೇಡ ಎಂಬ ಹೆಸರು. ಲಿಂಕ್ಸ್ ಅಂದರೆ ತಂಪು ದೇಶಗಳಲ್ಲಿರುವ ಒಂದು ಜಾತಿಯ ಕಾಡುಬೆಕ್ಕು.

ಗುರುತು ಹಿಡಿಯುವುದು ಕಷ್ಟವಲ್ಲ. ಮೂರು ವಿಷಯ ನೋಡಿರಿ.

ಒಂದು, ಕಾಲು. ಎಂಟು ಕಾಲು, ತುದಿಗೆ ಹೋದಂತೆ ಸಣ್ಣಗಾಗುತ್ತವೆ. ಕಾಲಿನ ಮೇಲೆ ಉದ್ದುದ್ದ ಮುಳ್ಳುಗಳು ನೆಟ್ಟಗೆ ನಿಂತಿರುತ್ತವೆ. ಜಾಲಿ ಕೊಂಬೆ ನೋಡಿದ ಹಾಗೆ ಕಾಣುತ್ತದೆ.

ಎರಡು, ಕಣ್ಣು. ಎಂಟು ಕಣ್ಣುಗಳಲ್ಲಿ ಆರು ಕಣ್ಣು ತಲೆಯ ಮೇಲೆ ಆರು ಮೂಲೆಯ ಆಕಾರದಲ್ಲಿ ಗುಂಪಾಗಿರುತ್ತವೆ. ಉಳಿದ ಎರಡು ತೀರಾ ಸಣ್ಣವು, ಮುಂದೆ ಕೆಳಗೆ ಇರುತ್ತವೆ. ಕೈಮಸೂರ ಇದ್ದರೆ, ಇಲ್ಲವೆ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ತಿಳಿಯುತ್ತದೆ.

ಮೂರು, ಹೊಟ್ಟೆ. ಹಿಂದಕ್ಕೆ ಹೋದಂತೆ ಚೂಪಾಗುತ್ತದೆ. ಮನೆ ಬಲೆಯ ಜೇಡದ ಹಾಗೆ ಗುಂಡಗೆ ಇರುವುದಿಲ್ಲ.

ಹೊಲದಲ್ಲಿ ಇರುವ ಬೇರೆ ಜೇಡಗಳಿಂದ ಇದನ್ನು ಬೇರೆ ಮಾಡುವುದು ಹೀಗೆ. ಜಿಗಿ ಜೇಡಕ್ಕೆ ಕಾಲು ಗಿಡ್ಡ, ಮುಖದ ಮೇಲೆ ಎರಡು ದೊಡ್ಡ ಕಣ್ಣು ಗಾಡಿ ದೀಪದ ಹಾಗೆ ಕಾಣುತ್ತವೆ. ಏಡಿ ಜೇಡ ಹೂವಿನಲ್ಲಿ ಕೂತು ಮುಂಗಾಲನ್ನು ಏಡಿಯಂತೆ ಪಕ್ಕಕ್ಕೆ ಚಾಚಿರುತ್ತದೆ. ತೋಳ ಜೇಡ ನೆಲದ ಮೇಲೆ ಓಡಾಡುತ್ತದೆ, ಮೊಟ್ಟೆಚೀಲವನ್ನು ಬೆನ್ನ ಹಿಂದೆ ಅಂಟಿಸಿಕೊಂಡು ತಿರುಗುತ್ತದೆ. ಲಿಂಕ್ಸ್ ಜೇಡ ಹಾಗಲ್ಲ. ಮೊಟ್ಟೆಚೀಲವನ್ನು ಗಿಡಕ್ಕೇ ಕಟ್ಟಿ, ಅದನ್ನು ತಬ್ಬಿಕೊಂಡು ಕಾಯುತ್ತದೆ.

ಕುಟುಂಬ ಸಣ್ಣದು, ಹೆಸರು ಹಳೆಯದು

ಜಗತ್ತಿನ ಜೇಡಗಳ ಪಟ್ಟಿ ಇಡುವ ವಿಶ್ವ ಜೇಡ ಪಟ್ಟಿಯಲ್ಲಿ 2022ರಲ್ಲೇ 50,000 ಪ್ರಭೇದಗಳ ಹೆಸರು ದಾಟಿತು. ಜಿಗಿ ಜೇಡಗಳ ಒಂದೇ ಕುಟುಂಬದಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರ ಮುಂದೆ ಲಿಂಕ್ಸ್ ಜೇಡಗಳದ್ದು ಸಣ್ಣ ಮನೆ. 9 ಕುಲ, 400ಕ್ಕೂ ಸ್ವಲ್ಪ ಹೆಚ್ಚು ಪ್ರಭೇದ, ಅಷ್ಟೇ. ಒಟ್ಟು ಜೇಡಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ.

ಈ ಕುಟುಂಬದ ಶಾಸ್ತ್ರೀಯ ಹೆಸರು ಆಕ್ಸಿಯೋಪಿಡೀ. ಗ್ರೀಕ್ ಮಾತಿನಲ್ಲಿ ಚೂಪು ನೋಟದ್ದು ಎಂಬ ಅರ್ಥ. ಫ್ರಾನ್ಸಿನ ಲಾತ್ರೇಯ್ 1804ರಲ್ಲಿ ಆಕ್ಸಿಯೋಪಿಸ್ ಎಂಬ ಕುಲಕ್ಕೆ ಹೆಸರು ಕೊಟ್ಟರು. 1869ರಲ್ಲಿ ಸ್ವೀಡನ್ನಿನ ಥೊರೆಲ್ ಇದನ್ನು ಪ್ರತ್ಯೇಕ ಕುಟುಂಬ ಮಾಡಿದರು. ನೆಲದ ಮೇಲೆ ಓಡುವ ತೋಳ ಜೇಡಗಳು ಇದಕ್ಕೆ ಹತ್ತಿರದ ಸಂಬಂಧಿಗಳು. ಅಣ್ಣತಮ್ಮಂದಿರ ಮಕ್ಕಳ ಹಾಗೆ, ಒಬ್ಬರು ನೆಲ ಹಿಡಿದರು, ಇನ್ನೊಬ್ಬರು ಗಿಡ ಹಿಡಿದರು.

ನಿಮ್ಮ ಫೋಟೊದಲ್ಲಿರುವ ಹಸಿರು ಜೇಡದ ಕಥೆ ನಮ್ಮ ದೇಶದ್ದೇ. ಫರ್ಡಿನಾಂಡ್ ಸ್ಟೋಲಿಚ್ಕಾ ಎಂಬುವರು ಕಲ್ಕತ್ತೆಯ ಭೂವೈಜ್ಞಾನಿಕ ಇಲಾಖೆಯಲ್ಲಿದ್ದರು. ಅವರ ಮುಖ್ಯ ಕೆಲಸ ದಕ್ಷಿಣ ಭಾರತದ ಕಲ್ಲುಗಳಲ್ಲಿ ಸಿಗುವ ಹಳೆಯ ಜೀವಿಗಳ ಅಚ್ಚುಗಳದ್ದು. ಬಿಡುವಿನಲ್ಲಿ ಜೇಡಗಳನ್ನೂ ನೋಡುತ್ತಿದ್ದರು. ಅದೇ 1869ರಲ್ಲಿ ಅವರು ಈ ಹಸಿರು ಜೇಡವನ್ನು ಮೊದಲ ಸಲ ಬರೆದಿಟ್ಟರು. ಆಗ ಅದನ್ನು ಸ್ಫಾಸಸ್ ಎಂಬ ಕುಲಕ್ಕೆ ಸೇರಿಸಿದ್ದರು. ಆ ಕುಲದ ಹೆಸರು ಈಗ ಬಳಕೆಯಲ್ಲಿಲ್ಲ. ಇವತ್ತು ಇದಕ್ಕೆ ಪ್ಯೂಸೀಷಿಯಾ ವಿರಿಡಾನಾ ಅನ್ನುತ್ತಾರೆ. ವಿರಿಡಾನಾ ಅಂದರೆ ಹಸಿರು ಬಣ್ಣದ್ದು. ಸ್ಟೋಲಿಚ್ಕಾ 1874ರಲ್ಲಿ ಯಾರ್ಕಂದ್ ಪ್ರಯಾಣದಿಂದ ಹಿಂದಿರುಗುವಾಗ ಲಡಾಖಿನಲ್ಲಿ ತೀರಿಕೊಂಡರು.

ಇನ್ನೊಂದು ಹೆಸರು ನೆನಪಿಡಬೇಕಾದ್ದು ಬಿ.ಕೆ. ಟಿಕಾದಾರ್ ಅವರದು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಇವರು 1970ರ ಆಸುಪಾಸಿನಲ್ಲಿ ಲಿಂಕ್ಸ್ ಜೇಡಗಳ ಹಲವು ಹೊಸ ಪ್ರಭೇದಗಳನ್ನು ಗುರುತಿಸಿದರು. ಅವಕ್ಕೆ ಇಟ್ಟ ಹೆಸರು ಕೇಳಿದರೆ ನಮ್ಮ ಮನೆ ಹೆಣ್ಣುಮಕ್ಕಳ ಹೆಸರು ಕೇಳಿದಂತಾಗುತ್ತದೆ: ಆಕ್ಸಿಯೋಪಿಸ್ ಶ್ವೇತಾ, ಸೀತೆ, ರತ್ನೆ, ಶಕುಂತಲೆ, ಸುನಂದೆ. ಆಮೇಲೆ ಯು.ಎ. ಗಜಬೆ ಅವರು ಭಾರತದ ಲಿಂಕ್ಸ್ ಜೇಡಗಳ ಮೇಲೆಯೇ ಒಂದು ಇಡೀ ಸಂಪುಟ ಬರೆದರು. ಅದೇ ಸಂಸ್ಥೆ 2008ರಲ್ಲಿ ಅದನ್ನು ಪ್ರಕಟಿಸಿತು.

ಇಷ್ಟು ಹೇಳಿದ ಮೇಲೆ ಒಂದು ಮಾತು. ಹೊಲದಲ್ಲಿ ನಿಂತು ಇದು ಶ್ವೇತಾನೋ ಸೀತೆಯೋ ಎಂದು ಹೇಳಲು ಆಗುವುದಿಲ್ಲ. ಪ್ರಭೇದ ತಿಳಿಯಲು ಬಲಿತ ಜೇಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಜನನಾಂಗ ನೋಡಬೇಕು. ಅದು ತಜ್ಞರ ಕೆಲಸ. ರೈತರಿಗೆ ಅದರ ಅಗತ್ಯವೂ ಇಲ್ಲ. ಕುಟುಂಬ ಗೊತ್ತಾದರೆ ಸಾಕು. ಯಾಕೆಂದರೆ ಒಂದು ಕುಟುಂಬದ ಜೇಡಗಳ ಬದುಕು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಎಲ್ಲಿ ಕೂರುತ್ತದೆ, ಏನು ಹಿಡಿಯುತ್ತದೆ, ಯಾವುದರಿಂದ ಸಾಯುತ್ತದೆ ಎಂಬುದು ಕುಟುಂಬದ ಮೇಲೆಯೇ ಗೊತ್ತಾಗಿಬಿಡುತ್ತದೆ.

ಎಲ್ಲೆಲ್ಲಿ ಅದಾವ?

ಲಿಂಕ್ಸ್ ಜೇಡಗಳು ಬಿಸಿಲಿನ ಜೀವಿಗಳು. ಭಾರತ, ಆಗ್ನೇಯ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕ ಖಂಡಗಳ ಬೆಚ್ಚಗಿನ ಭಾಗ, ಹೀಗೆ ಬಿಸಿ ಇರುವಲ್ಲೆಲ್ಲ ಇವು ಹಬ್ಬಿವೆ. ತಂಪು ನಾಡಿಗೆ ಹೋದಂತೆ ಕಡಿಮೆಯಾಗುತ್ತವೆ. ಇಂಗ್ಲೆಂಡಿನಲ್ಲಿ ಈ ಕುಟುಂಬದ್ದು ಒಂದೇ ಒಂದು ಪ್ರಭೇದ ಉಂಟು, ಅದೂ ಬಲು ಅಪರೂಪ. ಅವರು ಹುಡುಕಿಕೊಂಡು ಹೋಗಿ ನೋಡುವ ಕುಟುಂಬ ನಮ್ಮ ಹೊಲದಾಗ ಕರೆಯದೆ ಬಂದು ಕೂತಿದೆ.

9 ಕುಲಗಳಲ್ಲಿ ರೈತರಿಗೆ ಮುಖ್ಯವಾದವು ಎರಡು. ಮೊದಲನೆಯದು ಆಕ್ಸಿಯೋಪಿಸ್. ಕುಟುಂಬದ ಹೆಚ್ಚಿನ ಪ್ರಭೇದಗಳು ಇದರಲ್ಲೇ ಇವೆ. ಸಣ್ಣ ಜೇಡ. ಮೈ ಹಳದಿ ಮಿಶ್ರಿತ ಕಂದು, ಮುಖದ ಮೇಲೆ ಕಣ್ಣಿನಿಂದ ಕೆಳಕ್ಕೆ ಕಪ್ಪು ಗೆರೆ. ಭತ್ತ, ಹತ್ತಿ, ದ್ವಿದಳ ಬೆಳೆ, ಹುಲ್ಲು, ಎಲ್ಲದರಲ್ಲೂ ಇರುತ್ತದೆ. ಆಕ್ಸಿಯೋಪಿಸ್ ಜಾವಾನಸ್ ಎಂಬುದು ಭಾರತದಿಂದ ಹಿಡಿದು ಇಂಡೋನೇಷ್ಯಾದವರೆಗೆ ಹೊಲಗಳಲ್ಲಿ ಸಿಗುತ್ತದೆ.

ಎರಡನೆಯದು ಪ್ಯೂಸೀಷಿಯಾ, ಅಂದರೆ ಹಸಿರು ಲಿಂಕ್ಸ್. ಇದು ದೊಡ್ಡದು. ಎಳೆ ಎಲೆಯ ಹಸಿರು, ಕಾಲಿನ ಮೇಲೆ ಕಪ್ಪು ಚುಕ್ಕೆ, ಕಪ್ಪು ಮುಳ್ಳು. ಪೊದೆಯಂತೆ ಬೆಳೆಯುವ ಗಿಡದ ತುದಿ, ಹೂಗೊಂಚಲು ಇದಕ್ಕೆ ಇಷ್ಟ. ಮೈಮೇಲೆ ಅಂಟಿನ ರೋಮ ಇರುವ ಗಿಡಗಳಲ್ಲಿ ಈ ಕುಲದ ಜೇಡಗಳು ಹೆಚ್ಚಾಗಿ ಇರುವುದನ್ನು ಬೇರೆ ದೇಶಗಳಲ್ಲಿ ಗಮನಿಸಿದ್ದಾರೆ. ಸಣ್ಣ ಹುಳ ಅಂಟಿಗೆ ಸಿಕ್ಕಿಕೊಂಡರೆ ಜೇಡಕ್ಕೆ ಬೇಟೆ ಸುಲಭ. ಎಳೆ ತೊಗರಿ ಕಾಯಿ ಬಿಡಿಸಿದವರಿಗೆ ಕೈ ಅಂಟಂಟಾಗುವುದು ಗೊತ್ತೇ ಇದೆ. ತೊಗರಿಯ ರೋಮವೂ ಅದೇ ಜಾತಿಯದು.

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. ಆಳಂದದ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ ಸಾಲಿನ ನಡುವೆ ಹೆಸರು, ಉದ್ದು ಇರುತ್ತದೆ. ಮುಂಗಾರಿನಲ್ಲಿ ಸಣ್ಣ ಕಂದು ಲಿಂಕ್ಸ್ ಹುಡುಕಬೇಕಾದ್ದು ಈ ಗಿಡ್ಡ ಬೆಳೆಯಲ್ಲಿ. ಹೆಸರು ಕಿತ್ತ ಮೇಲೆ ಅವಕ್ಕೆ ಉಳಿಯುವ ಆಸರೆ ತೊಗರಿಯೇ. ಅಫಜಲಪುರದಲ್ಲಿ ಭೀಮಾ ದಂಡೆಯ ಕಬ್ಬಿನ ಅಂಚು, ಬದುವಿನ ಹುಲ್ಲು ನೋಡಿರಿ. ಜೇವರ್ಗಿಯಲ್ಲಿ ಹತ್ತಿ, ತೊಗರಿ ಎರಡೂ ಪಕ್ಕಪಕ್ಕ ಇರುವುದರಿಂದ ಹಸಿರು ಲಿಂಕ್ಸಿಗೆ ಅನುಕೂಲ. ಆದರೆ ಹತ್ತಿಗೆ ಹೊಡೆದ ಔಷಧ ಗಾಳಿಗೆ ತೊಗರಿ ಮೇಲೂ ಬೀಳುತ್ತದೆ ಎಂಬುದು ನೆನಪಿರಲಿ.

ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ

ಜೇಡ ಎಲೆ ತಿನ್ನುವುದಿಲ್ಲ. ಹೂ, ಕಾಯಿ ಕೊರೆಯುವುದಿಲ್ಲ. ಅದಕ್ಕೆ ಅಗಿಯುವ ಬಾಯೇ ಇಲ್ಲ. ಹಿಡಿದ ಹುಳಕ್ಕೆ ವಿಷ ಚುಚ್ಚಿ, ಒಳಗಿನದನ್ನು ಕರಗಿಸಿ ಹೀರುತ್ತದೆ. ಜಿಗಿಹುಳ, ನೊಣ, ಸಣ್ಣ ಮಿಡತೆ, ಪತಂಗ, ಎಳೆ ಕೀಡೆ ಇದರ ಆಹಾರ.

ನಮಗೆ ಲಾಭ ಪತಂಗದಲ್ಲಿದೆ. ಕಾಯಿಕೊರಕದ ಒಂದು ಹೆಣ್ಣು ಪತಂಗ ಸಾವಿರದವರೆಗೂ ಮೊಟ್ಟೆ ಇಡಬಲ್ಲದು. ರಾತ್ರಿ ಅದು ಮೊಟ್ಟೆ ಇಡಲು ಬರುವುದು ಹೂ, ಮೊಗ್ಗು ಇರುವ ತುದಿಗೆ. ಲಿಂಕ್ಸ್ ಹೊಂಚು ಹಾಕಿ ಕೂತಿರುವುದೂ ಅದೇ ತುದಿಯಲ್ಲಿ. ಮೊಟ್ಟೆ ಇಡುವ ಮುಂಚೆ ಒಂದು ಪತಂಗ ಸಿಕ್ಕರೂ ಎಷ್ಟು ಕೀಡೆ ಕಡಿಮೆಯಾದವು ಎಂದು ನೀವೇ ಲೆಕ್ಕ ಹಾಕಿರಿ. ಅಮೆರಿಕದ ಹತ್ತಿ ಹೊಲಗಳಲ್ಲಿ ಇದರ ಸೋದರ ಜಾತಿಯಾದ ಪ್ಯೂಸೀಷಿಯಾ ವಿರಿಡನ್ಸ್ ಇದೇ ಕೆಲಸ ಮಾಡುವುದನ್ನು 1960ರ ದಶಕದಿಂದಲೇ ವಿಜ್ಞಾನಿಗಳು ದಾಖಲಿಸಿದ್ದಾರೆ.

ಆದರೆ ಇದನ್ನು ಪವಾಡ ಎಂದು ತಿಳಿಯಬೇಡಿ. ಕಾಯಿಯೊಳಗೆ ಕೂತು ತಿನ್ನುವ ಕಾಯಿನೊಣದ ಮರಿಹುಳ ಇದಕ್ಕೆ ಸಿಗುವುದಿಲ್ಲ. ಹೂ, ಎಲೆ ಸೇರಿಸಿ ಗೂಡು ಕಟ್ಟಿ ಒಳಗಿರುವ ಮಾರುಕಾ ಕೀಡೆಯೂ ಅಷ್ಟೇ. ಬಲಿತ ದೊಡ್ಡ ಕೀಡೆ ಇದರ ಕೈಗೆ ಮೀರಿದ್ದು. 1997-98ರಂಥ ಹಂಗಾಮಿನಲ್ಲಿ, ಕಾಯಿಕೊರಕ ದಂಡೆತ್ತಿ ಬಂದಾಗ, ಜೇಡ ಒಂದನ್ನೇ ನಂಬಿ ಕೂರಲು ಆಗುವುದಿಲ್ಲ. ಆ ವರ್ಷ ಕಲಬುರಗಿ ಸೀಮೆಯ ರೈತರು ಪಟ್ಟ ಪಾಡು ಹಿರಿಯರಿಗೆ ಇನ್ನೂ ನೆನಪಿದೆ.

ಇನ್ನೊಂದು ಮಾತು. ಹೂವಿನ ಮೇಲೆ ಕೂರುವ ಜೇಡ ಆಗಾಗ ಜೇನನ್ನೂ ಹಿಡಿಯುತ್ತದೆ. ಸುಳ್ಳು ಹೇಳಬಾರದು. ಆದರೆ ತೊಗರಿ ಬಹುಪಾಲು ತನ್ನ ಹೂವಿನಲ್ಲೇ ಪರಾಗ ಕಟ್ಟುವ ಬೆಳೆ. ಹೂವಿನ ಹೊತ್ತಿಗೆ ಹೊಡೆಯುವ ಒಂದು ಕಡು ಔಷಧದಿಂದ ಸಾಯುವ ಜೇನಿನ ಮುಂದೆ ಜೇಡ ಹಿಡಿಯುವ ಜೇನು ಏನೇನೂ ಅಲ್ಲ.

ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ಕೈಯಲ್ಲಿ ಒತ್ತಿ ಹಿಡಿದರೆ ಕಚ್ಚಬಹುದು, ಸ್ವಲ್ಪ ಉರಿ, ಬಾವು ಬರಬಹುದು. ಮುಟ್ಟದೆ ನೋಡಿದರೆ ಅದೂ ಇಲ್ಲ.

ಅಲ್ಲಾಡಿಸಿರಿ, ಎಣಿಸಿರಿ

ತೊಗರಿ ಗಿಡ ಅಲ್ಲಾಡಿಸಿ ಕೀಡೆ ಬೀಳಿಸುವುದು ನಮ್ಮ ಜಿಲ್ಲೆಯ ರೈತರಿಗೆ ಗೊತ್ತಿರುವ ವಿದ್ಯೆ. ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲ್ಲಾಡಿಸಿ, ಬಿದ್ದ ಕೀಡೆ ಆರಿಸಿ ಕೊಲ್ಲುತ್ತಿದ್ದರು. ಜೇಡ ಎಣಿಸಲಿಕ್ಕೂ ಇದೇ ದಾರಿ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಲಕ್ಕೆ ಹೋಗಿರಿ. ಒಂದು ಬಿಳಿ ಧೋತರ ಸಾಲಿನ ನಡುವೆ ಹಾಸಿರಿ. ಮೂಲೆಯಿಂದ ಮೂಲೆಗೆ ನಡೆಯುತ್ತ ಇಪ್ಪತ್ತು ಗಿಡ ಆರಿಸಿಕೊಂಡು ಒಂದೊಂದನ್ನೂ ಮೆಲ್ಲಗೆ ಅಲ್ಲಾಡಿಸಿರಿ. ಕೀಡೆ ದೊಪ್ಪನೆ ಬೀಳುತ್ತದೆ. ಲಿಂಕ್ಸ್ ಜೇಡ ಬೀಳುವಾಗ ಎಳೆ ಬಿಟ್ಟುಕೊಂಡು ನಡುವೆಯೇ ಜೋತು ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಎಳೆ ಹಿಡಿದು ಮೇಲೆ ಹತ್ತಿಬಿಡುತ್ತದೆ. ಹಾಗಾಗಿ ಬಟ್ಟೆ ಮಾತ್ರವಲ್ಲ, ಗಾಳಿಯಲ್ಲಿ ಜೋತಾಡುವವನ್ನೂ ಎಣಿಸಿರಿ. ಒಂದು ಹಾಳೆಯಲ್ಲಿ ಎರಡು ಗೆರೆ ಹಾಕಿ, ಒಂದು ಕಡೆ ಕೀಡೆ, ಇನ್ನೊಂದು ಕಡೆ ಜೇಡ ಬರೆಯಿರಿ. ವಾರಕ್ಕೊಮ್ಮೆ ಮಾಡಿದರೆ ಸಾಕು.

ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಸಣ್ಣ ಕೀಡೆ ಕಂಡರೆ ಕ್ರಮ ಕೈಗೊಳ್ಳಬೇಕು ಎಂಬುದು ಸಾಮಾನ್ಯ ಶಿಫಾರಸು. ಅದಕ್ಕಿಂತ ಕಡಿಮೆ ಇದ್ದು ಜೇಡ ಕಾಣುತ್ತಿದ್ದರೆ ಕೈ ತಡೆದು ಇನ್ನೆರಡು ಮೂರು ದಿನ ಬಿಟ್ಟು ಮತ್ತೆ ನೋಡಿರಿ. ಪಕ್ಕದ ಹೊಲದವರು ಹೊಡೆದರು ಅಂತ ನಾವೂ ಹೊಡೆಯುವುದು ಲೆಕ್ಕವಲ್ಲ.

ಅಕ್ಟೋಬರ್, ನವೆಂಬರ್ ಹೊತ್ತಿಗೆ ತುದಿಯ ಎಲೆಗಳ ನಡುವೆ ಮುಳ್ಳುಮುಳ್ಳಾದ, ಒಣಹುಲ್ಲಿನ ಬಣ್ಣದ ಸಣ್ಣ ಉಂಡೆ ಕಂಡರೆ ಕೀಳಬೇಡಿ. ಅದು ಹಸಿರು ಲಿಂಕ್ಸಿನ ಮೊಟ್ಟೆಚೀಲ. ತಾಯಿ ತಲೆ ಕೆಳಗೆ ಮಾಡಿ ಅದನ್ನು ಅಪ್ಪಿಕೊಂಡಿರುತ್ತದೆ. ಅಮೆರಿಕದ ಸೋದರ ಜಾತಿಯಲ್ಲಿ ಒಂದು ಚೀಲಕ್ಕೆ ಸರಾಸರಿ 200 ಮೊಟ್ಟೆ ಲೆಕ್ಕ ಸಿಕ್ಕಿದೆ. ಮರಿ ಹೊರಬರುವವರೆಗೂ ತಾಯಿ ಜಾಗ ಬಿಡುವುದಿಲ್ಲ. ಆಗ ಔಷಧ ಬಿದ್ದರೆ ಓಡಿಹೋಗುವುದೂ ಇಲ್ಲ, ಅಲ್ಲೇ ಸಾಯುತ್ತದೆ.

ಹೊಡೆಯಲೇಬೇಕಾದರೆ

ಕೀಡೆ ಮಿತಿ ಮೀರಿದರೆ ಸುಮ್ಮನೆ ಕೂರಿರಿ ಎಂದು ನಾವು ಹೇಳುವುದಿಲ್ಲ. ತೊಗರಿ ಒಂದೇ ಬೆಳೆ ನಂಬಿದ ಮನೆಗೆ ಕಾಯಿ ಹೋದರೆ ವರ್ಷ ಹೋದಂತೆ. ಆದರೆ ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಎಂಬ ಕ್ರಮ ಇರಲಿ.

ಮೊದಲು ಮೋಹಕ ಬಲೆ, ಹೆಕ್ಟೇರಿಗೆ 5. ಪತಂಗ ಬೀಳತೊಡಗಿದರೆ ಮೊಟ್ಟೆ ಬರುವ ಸೂಚನೆ ಸಿಕ್ಕಂತೆ. ಹಕ್ಕಿ ಕೂರಲು ಅಲ್ಲಲ್ಲಿ ಕವಲು ಕೋಲು ನೆಡಿರಿ. ಬಿತ್ತುವಾಗ ತೊಗರಿಯಲ್ಲಿ ಒಂದು ಹಿಡಿ ಜೋಳ ಬೆರೆಸಿದವರಿಗೆ ಈ ಕೆಲಸವೂ ಇಲ್ಲ, ಜೋಳದ ತೆನೆಯೇ ಹಕ್ಕಿಗೆ ಕುರ್ಚಿ.

ಆಮೇಲೆ ಬೇವಿನ ಬೀಜದ ಕಷಾಯ, ಶೇಕಡಾ 5. ಬೇವಿನ ಬೀಜದ ತಿರುಳು 5 ಕಿಲೊ ಪುಡಿ ಮಾಡಿ, ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರ್ ಮಾಡಿಕೊಂಡು ಹೊಡೆಯಿರಿ. ಜೇಡಗಳಿಗೆ ಇದರಿಂದ ಆಗುವ ಹಾನಿ ಕಡಿಮೆ. ಎನ್‌ಪಿವಿ ನಂಜಾಣು ಸಿಕ್ಕರೆ ಎಕರೆಗೆ 100 ಎಲ್‌ಇ ಪ್ರಮಾಣದಲ್ಲಿ, ಸಂಜೆ ಬಿಸಿಲಿಳಿದ ಮೇಲೆ, ಕೀಡೆ ಸಣ್ಣದಿರುವಾಗಲೇ ಹೊಡೆಯಬೇಕು. ಇದು ಕಾಯಿಕೊರಕವನ್ನು ಮಾತ್ರ ಕೊಲ್ಲುತ್ತದೆ, ಜೇಡದ ಗೊಡವೆಗೆ ಹೋಗುವುದಿಲ್ಲ.

ರಾಸಾಯನಿಕ ಕೊನೆಯ ದಾರಿ. ಅದರಲ್ಲೂ ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯಿಡ್ ಔಷಧಗಳು ಜೇಡಗಳಿಗೆ ಕಡು ವಿಷ. ಕಾಯಿಕೊರಕ ಮಾತ್ರ ಇವಕ್ಕೆ ಜಗ್ಗದಿರುವುದನ್ನು ಕಲಿತಿದೆ. 1987ರಲ್ಲಿ ಆಂಧ್ರದ ಹತ್ತಿ ಸೀಮೆಯಲ್ಲಿ ಔಷಧದ ಮೇಲೆ ಔಷಧ ಹೊಡೆದರೂ ಕೀಡೆ ಸಾಯದೆ ಬೆಳೆ ಹೋದದ್ದು ಇದೇ ಕಾರಣಕ್ಕೆ. ಹೊಡೆದಾಗ ಜೇಡ ಸಾಯುತ್ತದೆ, ಕೀಡೆ ಉಳಿಯುತ್ತದೆ, ಮುಂದಿನ ವಾರ ಮತ್ತೆ ಡಬ್ಬಿ ತರಬೇಕಾಗುತ್ತದೆ. ಎರಡು ಮೂರು ಔಷಧ ಒಂದೇ ಟ್ಯಾಂಕಿನಲ್ಲಿ ಕಲಸಿ ಹೊಡೆಯುವುದಂತೂ ಬೇಡವೇ ಬೇಡ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲೋ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ ಬರೆಸಿಕೊಳ್ಳಿರಿ.

ರಾಶಿ ಆದ ಮೇಲೆ ಅವು ಎಲ್ಲಿಗೆ ಹೋಗಬೇಕು?

ಡಿಸೆಂಬರ್, ಜನವರಿಗೆ ತೊಗರಿ ಕೊಯ್ದು ರಾಶಿ ಮಾಡುತ್ತೇವೆ. ಹೊಲ ಬರಿದಾಗುತ್ತದೆ. ಜೇಡಕ್ಕೆ ಆಗ ಉಳಿಯುವುದು ಬದು ಒಂದೇ. ಬದುವಿನ ಹುಲ್ಲು, ಕಂಟಿ, ಗಿಡಗಳೇ ಅದರ ಬೇಸಿಗೆ ಮನೆ. ಎಳೆ ಮರಿಗಳು ರೇಷ್ಮೆಯ ಎಳೆ ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತವೆ, ಹಾಗೆಯೇ ಹೊಲದಿಂದ ಹೊಲಕ್ಕೆ ದಾಟುತ್ತವೆ. ಈ ಕುಟುಂಬ ಬಿಸಿ ನಾಡುಗಳಲ್ಲೆಲ್ಲ ಇಷ್ಟು ಹಬ್ಬಲು ಅದೂ ಒಂದು ಕಾರಣ. ಆದರೆ ಇಳಿಯುವ ಕಡೆ ಹಸಿರು ಬೇಕು.

ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಚ್ಚುವ ರೂಢಿ ನಮ್ಮಲ್ಲಿ ಇದೆ. ಕಸ ಸುಟ್ಟ ಹಾಗೆ ಕಂಡರೂ ಸುಡುವುದು ಮುಂದಿನ ವರ್ಷದ ಆಳನ್ನು. ಇಡೀ ಬದು ಬಿಡಲು ಆಗದಿದ್ದರೆ ಒಂದು ಬದಿಯನ್ನಾದರೂ ಬಿಡಿರಿ. ಬೇವು, ಹೊಂಗೆ ಇದ್ದರೆ ಕಡಿಯಬೇಡಿ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ನೆಲದ ಗುಣ ಅದಕ್ಕೆ ಕಾರಣ ಅನ್ನುತ್ತೇವೆ. ಆ ನೆಲದಲ್ಲಿ ಗಿಡ ಮಾತ್ರ ಇಲ್ಲ, ಗಿಡ ಕಾಯುವ ಜೀವಗಳೂ ಇವೆ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಪಂಪು ಹೆಗಲಿಗೆ ಏರಿಸುವ ಮುಂಚೆ ಇಪ್ಪತ್ತು ಗಿಡ ಅಲ್ಲಾಡಿಸಿ ನೋಡಿರಿ. ಮುಳ್ಳುಗಾಲಿನ ಜೇಡ ಎಳೆ ಹಿಡಿದು ಜೋತಾಡಿದರೆ, ಅದರ ಮನೆತನ ನಿಮಗೆ ಗೊತ್ತಾಯಿತು. ಪಕ್ಕದ ಹೊಲದವರಿಗೂ ತೋರಿಸಿರಿ.